ಫೀನಿಕ್ಸಿನ ಹಿತ್ತಲದಾಗ ಕೋಳಿ: ರಾತ್ರಿ ತಂಪು ಕಳಕೊಂಡ ಊರಿನ ಕಥಿ

ಅಮೆರಿಕದ ಅರಿಝೋನಾ ರಾಜ್ಯದಾಗ ಫೀನಿಕ್ಸ್ ಅಂತ ಊರು. ರಾಯಚೂರು, ಕಲಬುರಗಿ ಬ್ಯಾಸಗಿ ಉಂಡು ಬೆಳದವರಿಗೂ ಇಲ್ಲಿಯ ಜೂನ್ ತಿಂಗಳು ಬ್ಯಾರೇನ ಅನಸ್ತದ. 1990ರ ಜೂನ್ 26ಕ್ಕ ಇಲ್ಲಿ 50 ಡಿಗ್ರಿ ಮುಟ್ಟಿತ್ತು. ಇಂಥಾ ಊರಿನ ಹಿತ್ತಲದಾಗ ಕೋಳಿ ಸಾಕ್ತಾರ ಅಂದ್ರ ನೀವು ಮೊದಲು ಕೇಳೂದು, "ಅವು ಸತ್ತು ಹೋಗೂದಿಲ್ಲೇನ?" ಅಂತ. ಹೋಗ್ತಾವ. ಆದ್ರ ನೂರು ವರ್ಷದ ಹಿಂದೂ ಇದೇ ಊರಾಗ ಕೋಳಿ ಇದ್ದವು, ಆವಾಗ ಕರೆಂಟು ಫ್ಯಾನು ಇದ್ದ ಮನಿನೂ ಕಡಿಮಿ. ಹಂಗಾರ ಈಗ ಯಾಕ ಇಷ್ಟು ತ್ರಾಸು? ಅದನ್ನ ಹೇಳಬೇಕಂದ್ರ ಊರಿನ ಚರಿತ್ರಿನ ತಗೀಬೇಕು.

ಮೊದಲು ಕೋಳಿ ಎಲ್ಲಿಂದ ಬಂತು ನೋಡ್ರಿ. ಅದು ಮರುಭೂಮಿ ಪಕ್ಷಿ ಅಲ್ಲ, ಕಾಡಿನ ನೆಳ್ಳಿನ ಪಕ್ಷಿ. ಅದರ ಮೂಲ ನಮ್ಮ ಕಡೆಯಿಂದ ಥಾಯ್ಲೆಂಡ್ ಆಚೆತನಕ ಬಿದಿರು ಮೆಳಿಯೊಳಗ ಇರೋ ಕೆಂಪು ಕಾಡುಕೋಳಿ. ಖಾತ್ರಿಯಿಂದ ಸಾಕಿದ ಕೋಳಿದು ಅಂತ ಹೇಳಬಹುದಾದ ಹಳೀ ಎಲುಬು ಥಾಯ್ಲೆಂಡಿನ ಬಾನ್ ನಾನ್ ವಾಟ್ ಅನ್ನೋ ಜಾಗಾದಾಗ ಸಿಕ್ಕಾವ ಅಂತ 2022ರಾಗ ಸಂಶೋಧಕರು ಬರದ್ರು, ಸುಮಾರು 3,500 ವರ್ಷ ಹಳೇವು. ಭತ್ತದ ಗದ್ದಿಯ ಕಾಳಿಗೆ ಬಂದು ಮನುಷ್ಯರ ಹತ್ತರ ಉಳಕೊಂಡಿರಬೇಕು ಅಂತ ಅವರ ಮಾತು. ಇದರಾಗ ನಮ್ಮ ಪಾಲೂ ಒಂದಿಷ್ಟು ಅದ: ಕೋಳಿಗೆ ಹಳದಿ ಕಾಲು ಕೊಟ್ಟ ಗುಣ ನಮ್ಮ ಸಹ್ಯಾದ್ರಿಯ ಬೂದು ಕಾಡುಕೋಳಿಯಿಂದ ಬಂದದ್ದು ಅಂತ 2008ರಾಗ ಗೊತ್ತಾತು. ಫೀನಿಕ್ಸಿನ ಹಿತ್ತಲದಾಗ ಹಳದಿ ಕಾಲಿನ ಲೆಗ್‌ಹಾರ್ನ್ ಓಡ್ಯಾಡೂದು ಕಂಡ್ರ ನನಗ ಶಿರಸಿ ಘಾಟು ನೆನಪಾಗ್ತದ.

ಇನ್ನು ಊರು. ಹೊಹೊಕಾಮ್ ಅಂತ ಕರಿಯೋ ಹಳೀ ಜನ ಇಲ್ಲಿ ಸಾಲ್ಟ್ ನದಿಯಿಂದ ನೂರಾರು ಮೈಲು ಕಾಲುವಿ ತೋಡಿದ್ರು. ಅವರು ಬಿಟ್ಟುಹೋದ ಮ್ಯಾಲೂ ಆ ಗುರುತು ಅಳಿದಿರಲಿಲ್ಲ. 1867ರಾಗ ಜ್ಯಾಕ್ ಸ್ವಿಲ್ಲಿಂಗ್ ಅನ್ನಾಂವ ಹಳೀ ಕಾಲುವಿ ನೋಡಿ ಹೊಸದಾಗಿ ನೀರು ತರಸ್ಲಿಕ್ಕೆ ಕಂಪನಿ ಕಟ್ಟಿದ. ಬೂದಿಯಿಂದ ಎದ್ದು ಬರೋ ಪಕ್ಷಿಯ ಹೆಸರು ಊರಿಗೆ ಬಂದದ್ದೂ ಅದಕ್ಕ. 1911ರಾಗ ರೂಸ್‌ವೆಲ್ಟ್ ಡ್ಯಾಮ್ ಮುಗೀತು. ಕಾಲುವಿ ಇದ್ದ ಕಡೆ ಕಿತ್ತಳಿ ತೋಟ ಬಂತು, ಹಿತ್ತಲಕ್ಕ ನೀರು ಬಿಟ್ಟು ಮೊಣಕಾಲು ಮಟ್ಟ ಮಣ್ಣಿನ ಬದು ಕಟ್ಟಿ ತೋಯಸೂ ಪದ್ಧತಿ ಬಂತು. ಕೆಲವು ಹಳೀ ಓಣಿಯಾಗ ಇವತ್ತಿಗೂ ಹಂಗ ನೀರು ಬಿಡ್ತಾರ, ನಮ್ಮ ತುಂಗಭದ್ರಾ ಕಾಲುವಿ ಸರದಿ ಇದ್ದಂಗ. ಕಿತ್ತಳಿ ಗಿಡದ ಕೆಳಗ ಹಸಿ ಮಣ್ಣು, ಆ ಮಣ್ಣಿನಾಗ ಕೆದರಿ ಗುಂಡಿ ಮಾಡಕೊಂಡು ಮಧ್ಯಾಹ್ನ ಕೂಡೂ ಕೋಳಿ. ಅದಕ್ಕ ಇನ್ನೇನು ಬೇಕು ಹೇಳ್ರಿ. ಮೊದಲ ಮಹಾಯುದ್ಧದ ಕಾಲಕ್ಕ ಅಮೆರಿಕ ಸರಕಾರನ ಗ್ವಾಡಿಗೆ ಚಿತ್ರ ಹಚ್ಚಿ, ಮನ್ಯಾಗಿನ ಮಂದಿಗೆ ತಲಾ ಎರಡು ಹ್ಯಾಟಿ ಸಾಕ್ರಿ, ತತ್ತಿಗೆ ಕೊರತಿ ಇರೂದಿಲ್ಲ ಅಂತ ಹೇಳಿತ್ತು.

ಆವಾಗಿನ ಮನಿಯವರು ಹೊರಗ ಜಾಳಗಿ ಹಾಕಿದ ಪಡಸಾಲಿಯಾಗ ಹಸಿ ಚಾದರ ಕಟಕೊಂಡು ಮಲಗ್ತಿದ್ರು. 1930ರ ಸುಮಾರಿಗೆ ಕಟಿಗಿ ಹೊಟ್ಟಿನ ಪ್ಯಾಡು ತೋಯಿಸಿ ಹಿಂದ ಫ್ಯಾನು ಇಡೂ ಕೂಲರ್ ಇದೇ ಅರಿಝೋನಾದಾಗ ರೂಢಿಗೆ ಬಂತು. ನಮ್ಮ ಕಲಬುರಗಿ ಮನಿ ಕಿಟಕಿಯಾಗ ಗೊರ್ ಅನ್ನೋ ಕೂಲರಿಗೂ ಅದಕ್ಕೂ ಏನೂ ಫರಕಿಲ್ಲ. ಗೂಡಿನ ಮ್ಯಾಲ ಹಸಿ ಗ್ವಾಣಿಚೀಲ ಹೊಚ್ಚೂದೂ ಅದೇ ವಿದ್ಯಾ.

ಯಾಕಂದ್ರ ಕೋಳಿಗೆ ಬೆವರು ಇಲ್ಲ. ಅದರ ಮೈನ 41 ಡಿಗ್ರಿ ಬಿಸಿ. ಗಾಳಿ 43 ಆದ್ರ ಗಾಳಿಗೆ ಶಾಖ ಬಿಡಲಿಕ್ಕೆ ಬರೂದಿಲ್ಲ, ಬಾಯಿ ತಗದು ಗಂಟಲು ಅದರಿಸಿ ಒಳಗಿನ ನೀರನ್ನ ಆವಿ ಮಾಡಬೇಕು. ಹಂಗ ತೇಕಿ ತೇಕಿ ರಕ್ತದಾಗಿನ ಇಂಗಾಲದ ಡೈಆಕ್ಸೈಡ್ ಹೊರಗ ಹೋಗ್ತದ, ತತ್ತಿಯ ಚಿಪ್ಪಿನ ಸುಣ್ಣ ಕೂಡಲಿಕ್ಕೆ ಅದೇ ಬೇಕು. ಅದಕ್ಕ ಬ್ಯಾಸಗಿ ತತ್ತಿ ಕೈಯಾಗ ಹಿಡದ್ರ ಪಚಕ್ ಅಂತದ. ಜೂನಿನ ಒಣ ಗಾಳಿಯಾಗ ನೀರಿನ ತುಂತುರು ಕೆಲಸ ಮಾಡ್ತದ. ಜುಲೈ ಆಗಸ್ಟಿನಾಗ ಇಲ್ಲೂ ಮುಂಗಾರು ತೇವ ಬರ್ತದ, ಆವಾಗ ಕೂಲರೂ ಸುಸ್ತು, ಕೋಳಿನೂ ಸುಸ್ತು. ದೊಡ್ಡ ಜುಟ್ಟಿನ, ಹಗುರ ಮೈಯ ಲೆಗ್‌ಹಾರ್ನ್ ತಾಳ್ತದ. ಆರ್ಪಿಂಗ್ಟನ್ ಅಂತ ದುಂಡಗ ರಜಾಯಿ ಹೊದ್ದಂಗ ಇರ್ತದಲ್ಲ, ಚಂದ ಅಂತ ಅದನ್ನ ಇಲ್ಲಿಗೆ ತರೂದು ಪಾಪ.

ಇಷ್ಟು ದಿನ ಇದಕ್ಕೆಲ್ಲಾ ಒಂದು ಪರಿಹಾರ ಇತ್ತು: ರಾತ್ರಿ. ಮರುಭೂಮಿ ಹಗಲು ಎಷ್ಟು ಕಾದ್ರೂ ಹೊತ್ತು ಮುಳಗಿದ ಮ್ಯಾಲ ಆರತಿತ್ತು, ಕೋಳಿ ಸುಧಾರಿಸಿಕೊಳ್ತಿತ್ತು. 1950ರಾಗ ಊರಿನ ಜನಸಂಖ್ಯೆ 1,06,818. 2020ರಾಗ 16 ಲಕ್ಷ ದಾಟಿತು. ತೋಟ ಕಡದು ಮನಿ ಬಂದವು, ಮನಿ ಸುತ್ತ ಸಿಮೆಂಟ್ ಇಟ್ಟಂಗಿಯ ಗ್ವಾಡಿ, ಹಿತ್ತಲಕ್ಕ ಖಡಿ, ಮುಂದ ಡಾಂಬರು. ಒಳಗ ಎಸಿ ಇದ್ದಮ್ಯಾಲ ಹೊರಗಿನ ನೆಳ್ಳು ಯಾರಿಗೆ ಬೇಕು ಅಂತ ಬಿಟ್ರು. ಆ ಗ್ವಾಡಿ, ಆ ಡಾಂಬರು ಹಗಲೆಲ್ಲಾ ಬಿಸಲು ಕುಡದು ರಾತ್ರಿ ಕಕ್ಕತಾವ. 2023ರಾಗ ಜೂನ್ 30ರಿಂದ 31 ದಿನ ಒಂದೇ ಸಮ 43 ಡಿಗ್ರಿ ಮ್ಯಾಲ. ಪೇಪರಿನಾಗ ಎಲ್ಲಾರೂ ಅದನ್ನ ಬರದ್ರು. ನನಗ ಅಂಜಿಕಿ ಆದದ್ದು ಇನ್ನೊಂದು ಅಂಕಿಗೆ: ಆ ಜುಲೈ 19ಕ್ಕ ಊರು ಆರಿದ್ದು 36 ಡಿಗ್ರಿತನಕ ಅಷ್ಟ.

ಇಲ್ಲಿ ಒಂದು ಇಕ್ಕಟ್ಟದ. ಕಾಲುವಿ ಗುಂಟ, ಒಣ ಹಳ್ಳದ ಗುಂಟ ಕಯೋಟಿ ಓಣಿಗೆ ಬರ್ತಾವ, ನಮ್ಮ ನರಿಯ ದಾಯಾದಿ ಅನ್ರಿ. ಬಾಬ್‌ಕ್ಯಾಟ್ ಗ್ವಾಡಿ ಹಾರ್ತದ. ಕೊಂಬಿನ ಗೂಬಿ ಮ್ಯಾಲಿಂದ. ಅದಕ್ಕ ಸಂಜಿಮುಂದ ಕೋಳಿನ್ನ ಗೂಡಿನಾಗ ಹಾಕಿ ಬಾಗಲಾ ಮುಚ್ಚಬೇಕು. ಚಳಿ ದೇಶದವರು ಕಲಿಸಿದ ಗೂಡು ಅಂದ್ರ ಕಟಿಗಿ ಪೆಟಿಗಿ, ಸಣ್ಣ ಕಿಟಕಿ. ಇಲ್ಲಿ ಆ ಪೆಟಿಗಿ ಕಯೋಟಿಯಿಂದ ಉಳಸ್ತದ, ಒಳಗಿನ ಕಾವಿನಿಂದ ಕೊಲ್ತದ. ಹಂಗಂತ ಬರೀ ಆರು ಮೂಲಿಯ ಕೋಳಿ ಜಾಳಗಿ ಹಚ್ಚಿದ್ರೂ ಆಗೂದಿಲ್ಲ. ಅದನ್ನ 1844ರಾಗ ಇಂಗ್ಲೆಂಡಿನ ನಾರ್ವಿಚ್ ಊರಿನ ಚಾರ್ಲ್ಸ್ ಬರ್ನಾರ್ಡ್ ಬಟ್ಟಿ ನೇಯೋ ಮಗ್ಗ ನೋಡಿ ಮಾಡಿದ್ದು, ಕೋಳಿ ಹೊರಗ ಹೋಗದಂಗ ತಡಿಯೂದಷ್ಟ ಅದರ ಕೆಲಸ. ಕಯೋಟಿ ಹಲ್ಲಿಗೆ ಅದು ನೂಲು. ಅರ್ಧ ಇಂಚಿನ ಬೆಸುಗೆ ಹಾಕಿದ ಗಟ್ಟಿ ಜಾಳಗಿ ಬೇಕು, ನಾಕೂ ಕಡೆ ಅದೇ ಗ್ವಾಡಿ, ಮ್ಯಾಲ ನೆಳ್ಳಿಗೆ ಮಾತ್ರ ಛಾವಣಿ, ಕೆಳಗ ತೋಡಿ ಬರದಂಗ ಒಂದು ಮೊಳ ಮಣ್ಣೊಳಗ ಹೂಳಬೇಕು. ಗಾಳಿ ಆಡಬೇಕು, ಹಲ್ಲು ಆಡಬಾರದು.

2024ರ ಮೇದಾಗ ಗವರ್ನರ್ ಕೇಟಿ ಹಾಬ್ಸ್ ಸಹಿ ಹಾಕಿದ ಕಾಯ್ದೆ ಬಂತು. ಅರ್ಧ ಎಕರೆ ಒಳಗಿನ ಮನಿಯವರಿಗೂ ಆರು ಕೋಳಿ ಬ್ಯಾಡ ಅನ್ನಲಿಕ್ಕೆ ಊರಿನವರಿಗೆ ಹಕ್ಕಿಲ್ಲ. ಹುಂಜ ಬ್ಯಾಡ ಅನಬಹುದು. ಮುಂದಿನ ವರ್ಷ ಮಾರ್ಚಿನಾಗ ಡಜನ್ ತತ್ತಿ ಆರು ಡಾಲರ್ ದಾಟಿದಾಗ ಈ ಕಾಯ್ದೆ ಎಲ್ಲಾರಿಗೂ ನೆನಪಾತು. ಆದ್ರ ಅದರಾಗ ಒಂದು ತೊಡಕದ: ಗೂಡು ನೆರಿಮನಿ ಜಾಗಾದಿಂದ 20 ಫೂಟು ದೂರ ಇರಬೇಕು ಅಂತ ಊರಿನವರು ನಿಯಮ ಮಾಡಬಹುದು. ವಾಸನಿಗೆ, ಜಗಳಕ್ಕ ಅದು ಛಲೋನ. ಸಣ್ಣ ಹಿತ್ತಲದಾಗ ನಾಕೂ ಗ್ವಾಡಿಯಿಂದ 20 ಫೂಟು ಬಿಟ್ರ ಉಳಿಯೂದು ನಡುವಿನ ಬಯಲು, ನೆರಿಮನಿ ಗಿಡದ ನೆಳ್ಳೂ ಮುಟ್ಟದ ಜಾಗಾ. ಗ್ವಾಡಿ ಝಳ ತಪ್ಪಿತು ಅನ್ನೂದೊಂದ ಲಾಭ.

ಅದಕ್ಕ ಇಲ್ಲಿ ಕೋಳಿಗಿಂತ ಮೊದಲು ಗಿಡ ಹಚ್ಚಬೇಕು ಅಂತೀನಿ. ಮೆಸ್ಕೀಟ್ ಅಂತ ಈ ಮಣ್ಣಿನದ ಗಿಡ ಅದ, ನಮ್ಮ ಬಳ್ಳಾರಿ ಜಾಲಿಯ ಸಂಬಂಧಿ. ಅಲ್ಲಿ ಅದನ್ನ ಬೈಕೋತ ಕಡಿತೀವಿ, ಇಲ್ಲಿ ನೀರು ಹಾಕಿ ಬೆಳಸ್ತೀವಿ. ಅದು ದೊಡ್ಡದಾಗೂತನಕ ನೆಳ್ಳಿನ ಬಟ್ಟಿ ಕಟ್ರಿ, ಪಡುವಣ ಕಡೆಗೆ ಎರಡು ಪದರ, ಯಾಕಂದ್ರ ಸಂಜಿ ನಾಕರ ಬಿಸಲು ಓರೆಯಾಗಿ ಒಳಗ ಬರ್ತದ. ನೀರಿನ ಪಾತ್ರಿ ಎರಡು ಕಡೆ ಇಡ್ರಿ, ಎರಡೂ ನೆಳ್ಳಿನಾಗ.