ಸೀಟಿಗೆ ನೆರಳು, ಡ್ರೈವರಿಗೆ ಬಿಸಿಲು: ಕಾರಿನೊಳಗಿನ ಒಂದು ನೂರಿಪ್ಪತ್ತು ವರ್ಷ

(1/8)
ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಬಯಲಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆಗೆದು ಸೀಟಿನ ಮೇಲೆ ಕೂತರೆ ಏನಾಗುತ್ತೆ ಅಂತ ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರಿಗೆ ಹೇಳಿಕೊಡೋದೇ ಬೇಡ. ಕೂತಷ್ಟೇ ಬೇಗ ಎದ್ದಿರ್ತೀರಿ. ಇಂಥ ನಾಲ್ಕು ಬೇಸಿಗೆ ಕಳೆದ ಕಾರನ್ನು ಒಮ್ಮೆ ಸರಿಯಾಗಿ ನೋಡಿ. ಡ್ಯಾಶ್‌ಬೋರ್ಡ್ ಬಣ್ಣ ಕಳ್ಕೊಂಡಿರುತ್ತೆ, ಸ್ಟೀರಿಂಗ್ ಮೇಲಿನ ಚರ್ಮ ಅಂಟಂಟು, ಸೀಟಿನ ಹೊಲಿಗೆ ಪಕ್ಕ ಸಣ್ಣ ಬಿರುಕು.

ಇದಕ್ಕೆ ಯಾವ ಪಾಲಿಷ್ ಹಚ್ಚಬೇಕು ಅಂತ ಹೇಳುವ ರೀಲ್ಸ್ ಸಾವಿರ ಇವೆ. ನಾವಿಲ್ಲಿ ಬೇರೆ ಪ್ರಶ್ನೆ ಕೇಳೋಣ. ಬಿಸಿಲಿಗೆ ಇಷ್ಟು ಸುಲಭವಾಗಿ ಸೋಲುವ ಚರ್ಮ ಕಾರಿನೊಳಗೆ ಬಂದಿದ್ದಾದರೂ ಹೇಗೆ? ಬಂದಾಗ ಅದರ ಮೇಲೆ ಕೂತವರು ಯಾರು?

ಉತ್ತರ ಸ್ವಲ್ಪ ಆಶ್ಚರ್ಯದ್ದು. ಸ್ವೈಪ್ ಮಾಡಿ.

(2/8) ಚರ್ಮದ ಸೀಟು ಯಜಮಾನನದ್ದಲ್ಲ
ಇವತ್ತು ಶೋರೂಮಿನಲ್ಲಿ ಲೆದರ್ ಸೀಟು ಅಂದ್ರೆ ಟಾಪ್ ಮಾಡೆಲ್, ಜಾಸ್ತಿ ದುಡ್ಡು. ಆದರೆ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಯುರೋಪ್ ಮತ್ತು ಅಮೆರಿಕದ ಶ್ರೀಮಂತರ ದೊಡ್ಡ ಕಾರುಗಳಲ್ಲಿ ಲೆಕ್ಕ ಉಲ್ಟಾ ಇತ್ತು.

ಕುದುರೆ ಸಾರೋಟಿನ ಕಾಲದಿಂದಲೂ ಗಾಡಿ ಹೊಡೆಯುವವನು ಹೊರಗೆ ಕೂರುತ್ತಿದ್ದ, ಯಜಮಾನ ಒಳಗೆ. ಕಾರು ಬಂದ ಮೇಲೂ ಅದೇ ಪದ್ಧತಿ ಮುಂದುವರಿಯಿತು. ಮುಂದಿನ ಡ್ರೈವರ್ ಜಾಗಕ್ಕೆ ಮೇಲೆ ಚಾವಣಿ ಇಲ್ಲ. ಹಿಂದೆ ಯಜಮಾನರಿಗೆ ಮುಚ್ಚಿದ ಕೋಣೆ. ಮಳೆ, ಬಿಸಿಲು, ಧೂಳು ಎಲ್ಲವೂ ಡ್ರೈವರ್ ಪಾಲಿಗೆ. ಹಾಗಾಗಿ ಒರೆಸಿದರೆ ಸ್ವಚ್ಛವಾಗುವ, ಗಟ್ಟಿ ಚರ್ಮವನ್ನು ಅವನ ಸೀಟಿಗೆ ಹಾಕಿದರು. ಹಿಂದಿನ ಸೀಟಿಗೆ ನಯವಾದ ಉಣ್ಣೆ ಬಟ್ಟೆ, ಕೆಲವು ಕಾರುಗಳಲ್ಲಿ ರೇಷ್ಮೆಯ ಕಸೂತಿ ಬಟ್ಟೆ.

ಈ ಪದ್ಧತಿಯ ನೆರಳು ಇನ್ನೂ ಪೂರ್ತಿ ಹೋಗಿಲ್ಲ. ಜಪಾನಿನ ಚಕ್ರವರ್ತಿಗೆಂದು 2006ರಲ್ಲಿ ಟೊಯೋಟ ಮಾಡಿಕೊಟ್ಟ ಸೆಂಚುರಿ ರಾಯಲ್ ಕಾರಿನಲ್ಲಿ ಮುಂದಿನ ಸೀಟಿಗೆ ಚರ್ಮ, ಹಿಂದೆ ಚಕ್ರವರ್ತಿ ಕೂರುವ ಸೀಟಿಗೆ ಉಣ್ಣೆ ಬಟ್ಟೆ.

ಅಂದ್ರೆ ಚರ್ಮ ಬಂದದ್ದು ಐಷಾರಾಮಕ್ಕಲ್ಲ. ಬಿಸಿಲಲ್ಲಿ ಕೂರುವವನಿಗಾಗಿ ಬಂತು.

(3/8) ಹದ ಮಾಡಿದವರು
ಹಸಿ ತೊಗಲು ಹಾಗೇ ಬಿಟ್ಟರೆ ಕೊಳೆಯುತ್ತೆ, ಒಣಗಿದರೆ ಹಲಗೆಯಂತಾಗುತ್ತೆ. ಅದನ್ನು ಚರ್ಮ ಮಾಡುವುದೇ ಹದ. ದಕ್ಷಿಣ ಭಾರತದಲ್ಲಿ ಇದಕ್ಕೆ ಬಳಸ್ತಿದ್ದದ್ದು ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ. ಆವರಿಕೆ ಅಂತಲೂ ಕರೀತಾರಲ್ಲ, ಅದೇ. ಹೀಗೆ ಹದ ಮಾಡಿದ ಚರ್ಮ ಮದ್ರಾಸಿನಿಂದ ‘ಈಸ್ಟ್ ಇಂಡಿಯಾ ಲೆದರ್’ ಅನ್ನೋ ಹೆಸರಲ್ಲಿ ಹಡಗು ಹತ್ತುತ್ತಿತ್ತು.

ಮುಂದೆ ಕ್ರೋಮಿಯಂ ಲವಣದ ಹದ ಬಂತು. ಅಮೆರಿಕದ ಆಗಸ್ಟ್ ಶುಲ್ಟ್ಸ್ 1884ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ತೊಗಟೆ ಹದದ ಚರ್ಮಕ್ಕಿಂತ ಇದು ಬಿಸಿಗೂ ನೀರಿಗೂ ಹೆಚ್ಚು ತಡೆಯುತ್ತೆ. ಇವತ್ತಿನ ಕಾರಿನ ಲೆದರ್‌ನಲ್ಲೂ ಈ ಜಾತಿಯದ್ದು ಇದೆ. ಮದ್ರಾಸಿನಲ್ಲಿ ಈ ಹದವನ್ನು ಬೆಳೆಸಿದ ಆಲ್ಫ್ರೆಡ್ ಚಾಟರ್ಟನ್ ಅವರ ಮನಸ್ಸಿನಲ್ಲಿದ್ದದ್ದು ಕಾರಲ್ಲ. ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮದ ಚೀಲ. ಅದು ನೀರಲ್ಲಿ ಬೇಗ ಕೊಳೀಬಾರದು ಅನ್ನೋದು ಉದ್ದೇಶ. ಇದೇ ಚಾಟರ್ಟನ್ 1912ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ನಿರ್ದೇಶಕರಾಗಿ ಬಂದರು.

ಇಲ್ಲಿ ಒಂದು ಮಾತು ಬಿಟ್ಟು ಮುಂದೆ ಹೋಗೋ ಹಾಗಿಲ್ಲ. ತೊಗಲು ಹದ ಮಾಡಿದ ಜನರನ್ನು ನಮ್ಮ ಊರುಗಳು ಊರಾಚೆ ಇಟ್ಟವು. ಅವರು ಹೊಲಿದ ಚೀಲದ ನೀರು ಮಾತ್ರ ಎಲ್ಲರ ಹೊಲಕ್ಕೂ ಹರಿಯಿತು.

(4/8) ಸನ್ ಫಿಲ್ಮ್‌ನ ಅಜ್ಜಿ ಹುಟ್ಟಿದ್ದು ಲೈಬ್ರರಿಯಲ್ಲಿ
ಬಿಸಿಲು ಚರ್ಮವನ್ನು ಹಾಳು ಮಾಡುತ್ತೆ ಅಂತ ಮೊದಲು ಗಂಭೀರವಾಗಿ ಪರೀಕ್ಷೆ ಮಾಡಿದ್ದು ಕಾರಿನವರಲ್ಲ, ಪುಸ್ತಕದವರು. ಲಂಡನ್ನಿನ ಗ್ರಂಥಾಲಯಗಳಲ್ಲಿ ಚರ್ಮದ ರಟ್ಟುಗಳು ಮುಟ್ಟಿದರೆ ಕೆಂಪು ಪುಡಿಯಾಗಿ ಉದುರುತ್ತಿದ್ದವು. ಹಳೇ ಕಾಲದ ರಟ್ಟು ಗಟ್ಟಿಯಾಗಿದೆ, ಹೊಸದು ಪುಡಿ! ಯಾಕೆ ಅಂತ ನೋಡಲು ಸೊಸೈಟಿ ಆಫ್ ಆರ್ಟ್ಸ್ ಒಂದು ಸಮಿತಿ ಮಾಡಿತು. 1905ರಲ್ಲಿ ಅದರ ವರದಿ ಪುಸ್ತಕವಾಗಿ ಬಂತು.

ಹದ ಮಾಡುವಾಗ ಬಳಸಿದ ಆಮ್ಲ, ಗ್ಯಾಸ್ ದೀಪದ ಹೊಗೆ, ಜೊತೆಗೆ ಬೆಳಕು: ಇವೇ ಅಪರಾಧಿಗಳು. ಬೇರೆ ಬೇರೆ ಬಣ್ಣದ ಗಾಜಿನ ಕೆಳಗೆ ಚರ್ಮ ಇಟ್ಟು ನೋಡಿದಾಗ ನೀಲಿ-ನೇರಳೆ ಕಡೆಯ ಬೆಳಕೇ ಹೆಚ್ಚು ಹಾನಿ ಮಾಡ್ತಿತ್ತು. ಹಾಗಾಗಿ ನೇರ ಬಿಸಿಲು ಬೀಳುವ ಲೈಬ್ರರಿ ಕಿಟಕಿಗೆ ಬಣ್ಣದ ಗಾಜು ಹಾಕಿ ಅನ್ನೋ ಸಲಹೆ ಬಂತು. ಕಾರಿನ ಗಾಜಿಗೆ ಫಿಲ್ಮ್ ಅಂಟಿಸುವ ಯೋಚನೆಯ ಮೂಲ ತರ್ಕ ಇದೇ ಅಲ್ವಾ?

(5/8) ಗಾಜು ಮುಚ್ಚಿತು, ಒಲೆ ಹತ್ತಿತು
1919ರ ಸುಮಾರಿಗೆ ಅಮೆರಿಕದಲ್ಲಿ ಹತ್ತರಲ್ಲಿ ಒಂಬತ್ತು ಕಾರು ತೆರೆದವು. ಅದೇ ದಶಕ ದಾಟಿ 1920ರ ದಶಕ ಮುಗಿಯುವಷ್ಟರಲ್ಲಿ ಬಹುಪಾಲು ಕಾರುಗಳಿಗೆ ಗಟ್ಟಿ ಚಾವಣಿ, ಸುತ್ತ ಗಾಜು ಬಂತು. ಮಳೆಯಿಂದ ರಕ್ಷಣೆ ಸಿಕ್ಕಿತು, ಸರಿ. ಆದರೆ ಹೊಸ ತಾಪತ್ರಯ ಶುರುವಾಯ್ತು. ಗಾಜಿನ ಮೂಲಕ ಒಳಬಂದ ಬೆಳಕು ಸೀಟು, ಡ್ಯಾಶ್‌ಬೋರ್ಡನ್ನು ಕಾಯಿಸುತ್ತೆ. ಅವು ಉಗುಳುವ ಶಾಖ ಗಾಜು ದಾಟಿ ಹೊರಹೋಗಲ್ಲ, ಬಿಸಿ ಗಾಳಿಗೂ ದಾರಿಯಿಲ್ಲ.

ಬಿಸಿಲು ಗಾಜನ್ನೂ ಬಿಡಲಿಲ್ಲ. ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ 1909ರಲ್ಲಿ ಪೇಟೆಂಟ್ ಪಡೆದ ಪದರದ ಗಾಜಿನಲ್ಲಿ ಎರಡು ಗಾಜುಗಳ ಮಧ್ಯೆ ಸೆಲ್ಯುಲಾಯ್ಡ್ ಹಾಳೆ ಇತ್ತು. ಒಡೆದರೂ ಚೂರು ಹಾರುತ್ತಿರಲಿಲ್ಲ. ಆದರೆ ಬಿಸಿಲಿಗೆ ಆ ಹಾಳೆ ಹಳದಿಯಾಗಿಬಿಡುತ್ತಿತ್ತು. 1930ರ ದಶಕದ ಕೊನೆಗೆ ಪಿವಿಬಿ ಎಂಬ ಪ್ಲಾಸ್ಟಿಕ್ ಬಂದ ಮೇಲೆ ಆ ಸಮಸ್ಯೆ ತೀರಿತು.

ಇದನ್ನ ನೆನಪಿಟ್ಕೊಳ್ಳಿ: ಮುಂದಿನ ಪದರದ ಗಾಜು ನೇರಳಾತೀತ ಕಿರಣವನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತೆ. ಪಕ್ಕದ ಕಿಟಕಿಗಳದ್ದು ಸಾಮಾನ್ಯವಾಗಿ ಒಂದೇ ಪದರ. ಅಲ್ಲಿ ಆ ಕಿರಣಗಳ ಒಂದು ಭಾಗ, ಯುವಿಎ, ಒಳಗೆ ಬರುತ್ತೆ. ಎಂಟನೇ ಭಾಗದಲ್ಲಿ ಇದು ಬೇಕಾಗುತ್ತೆ.

(6/8) ರೆಕ್ಸಿನ್, ವಿನೈಲ್ ಮತ್ತು ಬಿಳಿ ಟವೆಲ್
ಚರ್ಮ ದುಬಾರಿ. ಅದಕ್ಕೇ ಬಟ್ಟೆಗೆ ರಾಸಾಯನಿಕ ಬಳಿದು ಚರ್ಮದ ಹಾಗೆ ಕಾಣಿಸೋ ಸರಕು ಬಂತು. ನಾವು ಇವತ್ತಿಗೂ ಹೇಳುವ ‘ರೆಕ್ಸಿನ್’ ಮೂಲದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರದ ಹೈಡ್ ಊರಿನ ಕಾರ್ಖಾನೆಯ ಬ್ರ್ಯಾಂಡ್ ಹೆಸರು. ಕಂಪನಿಯ ಹೆಸರು ಸರಕಿನ ಹೆಸರೇ ಆಗಿಹೋಯ್ತು.

1926ರಲ್ಲಿ ಅಮೆರಿಕದ ವಾಲ್ಡೊ ಸೀಮನ್ ಗಡುಸಾದ ಪಿವಿಸಿಯನ್ನು ಮೆತ್ತಗೆ ಮಾಡುವ ದಾರಿ ಕಂಡುಹಿಡಿದ. ಅದೇ ವಿನೈಲ್. ಮೆತ್ತಗೆ ಇಡೋದು ಅದರೊಳಗೆ ಬೆರೆಸಿದ ಎಣ್ಣೆಯಂಥ ಪದಾರ್ಥ. ಕಾರು ಕಾದಂತೆಲ್ಲ ಅದು ನಿಧಾನವಾಗಿ ಆವಿಯಾಗಿ ಹೊರಬರುತ್ತೆ. ಮುಂದಿನ ಗಾಜಿನ ಒಳಗಡೆ ಎಷ್ಟು ಒರೆಸಿದರೂ ಕೂರುವ ಜಿಡ್ಡಿನ ಮಬ್ಬು ಇದೆಯಲ್ಲ, ಅದರಲ್ಲಿ ಇದರ ಪಾಲೂ ಇದೆ. ಎಣ್ಣೆ ಹೋದ ಡ್ಯಾಶ್‌ಬೋರ್ಡ್ ಗಡುಸಾಗಿ ಬಿರುಕು ಬಿಡುತ್ತೆ.

ನಮ್ಮವರು ಇದಕ್ಕೆ ಕಂಡುಕೊಂಡ ಉಪಾಯ ಸರ್ಕಾರಿ ಅಂಬಾಸಿಡರ್ ನೋಡಿದವರಿಗೆ ಗೊತ್ತು: ಸೀಟಿನ ಮೇಲೆ ಬಿಳಿ ಟವೆಲ್, ಹಿಂದಿನ ಗಾಜಿಗೆ ಪರದೆ. ಟವೆಲ್ ಅಧಿಕಾರದ ಗುರುತಾಗಿದ್ದು ನಿಜ. ಆದರೆ ಬಿಳಿ ಬಟ್ಟೆ ಬೆಳಕನ್ನು ಹಿಂದಕ್ಕೆ ಕಳಿಸುತ್ತೆ, ಬೆವರು ಹೀರುತ್ತೆ, ಒಗೆದರೆ ಮತ್ತೆ ಹೊಸದು. ವಿಜ್ಞಾನದ ದೃಷ್ಟಿಯಿಂದ ಅದು ಪಕ್ಕಾ ಉಪಾಯ. ಆದರೆ ಟವೆಲ್ ಹಾಸಿದ್ದು ಹೆಚ್ಚಾಗಿ ಸಾಹೇಬರು ಕೂರುವ ಹಿಂದಿನ ಸೀಟಿಗೆ ಅನ್ನೋದನ್ನೂ ಗಮನಿಸಿ.

(7/8) ಕಪ್ಪು ಗಾಜು ಕೋರ್ಟ್ ಮೆಟ್ಟಿಲು ಹತ್ತಿದಾಗ
ಆಮೇಲೆ ಫಿಲ್ಮ್ ಬಂತು. ಮೊದಲು ತೆಳು ಬಣ್ಣ, ಬರ್ತಾ ಬರ್ತಾ ಒಳಗೆ ಯಾರಿದ್ದಾರೆ ಅಂತ ಕಾಣದಷ್ಟು ಕಪ್ಪು. ಬಿಸಿಲಿನ ನೆಪ, ಪ್ರತಿಷ್ಠೆಯ ಆಸೆ, ಎರಡೂ ಸೇರಿದವು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಮೊದಲೇ ಹೇಳಿತ್ತು: ಮುಂದಿನ ಮತ್ತು ಹಿಂದಿನ ಗಾಜಿನಿಂದ ಕನಿಷ್ಠ ಶೇ. 70, ಪಕ್ಕದ ಗಾಜಿನಿಂದ ಶೇ. 50 ಬೆಳಕು ಹಾಯಬೇಕು. ಕಪ್ಪು ಗಾಜಿನ ಕಾರುಗಳೊಳಗೆ ನಡೆಯುವ ಅಪರಾಧಗಳನ್ನು ಮುಂದಿಟ್ಟು ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 27ರಂದು ತೀರ್ಪು ಕೊಟ್ಟಿತು. ಗಾಜು ತಯಾರಾಗುವಾಗಲೇ ಆ ಪ್ರಮಾಣದಲ್ಲಿರಬೇಕು, ಮೇಲಿಂದ ಯಾವ ಫಿಲ್ಮೂ ಅಂಟಿಸುವಂತಿಲ್ಲ, ಮೇ 4ರಿಂದ ಜಾರಿ. ಝಡ್ ಮತ್ತು ಝಡ್ ಪ್ಲಸ್ ಭದ್ರತೆ ಇದ್ದವರಿಗೆ ವಿನಾಯಿತಿಗೆ ಅವಕಾಶ ಇಟ್ಟರು.

ಮುಂದೆ 100ನೇ ನಿಯಮಕ್ಕೆ ತಿದ್ದುಪಡಿಯಾಗಿ 2021ರ ಏಪ್ರಿಲ್‌ನಿಂದ ಜಾರಿಗೆ ಬಂತು. ಅದರ ಆಧಾರದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್, ಶೇ. 70 ಮತ್ತು 50ರ ಮಿತಿ ಪಾಲಿಸುವ, ಮಾನದಂಡಕ್ಕೆ ಹೊಂದುವ ಫಿಲ್ಮ್‌ಗೆ ದಂಡ ಹಾಕುವಂತಿಲ್ಲ ಅಂತ ಹೇಳಿತು. ನಿಮ್ಮೂರಿನಲ್ಲಿ ಅಂಟಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳಿ.

ಕೋರ್ಟಿನ ಚಿಂತೆ ಸರಿಯಾದದ್ದೇ. ರಸ್ತೆಯಲ್ಲಿ ಹೋಗುವ ಹೆಣ್ಣುಮಗಳ ಸುರಕ್ಷತೆ ಯಾರದ್ದೋ ಸೀಟಿನ ಬಣ್ಣಕ್ಕಿಂತ ದೊಡ್ಡದು. ಇನ್ನೊಂದು ಸಂಗತಿ ಗೊತ್ತಿರಲಿ: ನೇರಳಾತೀತ ಕಿರಣ ಕಣ್ಣಿಗೆ ಕಾಣೋದೇ ಇಲ್ಲ. ಅದನ್ನು ತಡೆಯೋಕೆ ಗಾಜು ಕಪ್ಪಾಗಿರಲೇಬೇಕು ಅಂತೇನಿಲ್ಲ.

(8/8) ಈಗ ಮೊದಲ ಪ್ರಶ್ನೆಗೆ
ಸೀಟು ಉಳಿಸೋದು ಕಷ್ಟವಲ್ಲ. ನೆರಳಲ್ಲಿ ನಿಲ್ಲಿಸಿ. ನೆರಳಿಲ್ಲದಿದ್ರೆ ಮುಂದಿನ ಗಾಜಿಗೆ ಬೆಳಕು ಹಿಂದಕ್ಕೆ ಕಳಿಸುವ ಮಡಚುವ ಶೇಡ್ ಇಡಿ, ಸೀಟಿಗೆ ತಿಳಿ ಬಣ್ಣದ ಹತ್ತಿ ಬಟ್ಟೆ ಹಾಸಿ. ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿ. ಕೊಬ್ಬರಿ ಎಣ್ಣೆ ಬೇಡ. ಇವತ್ತಿನ ಕಾರಿನ ಚರ್ಮದ ಮೇಲೆ ಬಣ್ಣದ, ಪಾಲಿಯುರೆಥೇನ್‌ನ ಪದರ ಇರೋದ್ರಿಂದ ಎಣ್ಣೆ ಒಳಗೆ ಇಳಿಯಲ್ಲ, ಮೇಲೆ ಕೂತು ಧೂಳು ಹಿಡಿಯುತ್ತೆ ಅಷ್ಟೆ.

ಮನುಷ್ಯರ ವಿಷಯಕ್ಕೆ ಬನ್ನಿ. 2005ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಬಿಸಿಲಲ್ಲಿ ನಿಂತ ಕಾರಿನೊಳಗಿನ ತಾಪ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತೆ; ಅದರಲ್ಲಿ ಶೇ. 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ಒಂದಿಷ್ಟು ಇಳಿಸಿಟ್ಟರೂ ಹೆಚ್ಚು ಪ್ರಯೋಜನವಿಲ್ಲ. ‘ಐದೇ ನಿಮಿಷ’ ಅಂತ ಮಗುವನ್ನೋ ನಾಯಿಯನ್ನೋ ಒಳಗೆ ಬಿಟ್ಟು ಹೋಗೋದು ಯಾವತ್ತೂ ಬೇಡ.

2012ರಲ್ಲೇ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಒಂದು ಫೋಟೊ ಪ್ರಕಟಿಸಿತು. 28 ವರ್ಷ ಟ್ರಕ್ ಓಡಿಸಿದ 69ರ ವ್ಯಕ್ತಿ. ಮುಖದ ಬಲಭಾಗ ವಯಸ್ಸಿಗೆ ತಕ್ಕಂತಿದೆ. ಕಿಟಕಿಯ ಕಡೆಯ ಎಡಭಾಗ ಮಾತ್ರ ದಪ್ಪಗಟ್ಟಿ, ಆಳವಾಗಿ ಸುಕ್ಕುಗಟ್ಟಿದೆ. ಪಕ್ಕದ ಗಾಜಿನಿಂದ ಯುವಿಎ ಬರುತ್ತೆ ಅಂದೆವಲ್ಲ, ಇದೇ ಅದರ ಕೆಲಸ. ನಮ್ಮಲ್ಲಿ ಡ್ರೈವರ್ ಕೂರೋದು ಬಲಗಡೆ. ಮುಂದಿನ ಸಲ ಕ್ಯಾಬ್ ಹತ್ತಿದಾಗ ಅವರ ಬಲಗೈ ನೋಡಿ.

ನೂರು ವರ್ಷದ ಹಿಂದೆ ಡ್ರೈವರ್ ಬಿಸಿಲಲ್ಲಿ ಕೂರುತ್ತಾನೆ ಅಂತ ಅವನ ಸೀಟಿಗೆ ಗಟ್ಟಿ ಚರ್ಮ ಹಾಕಿದರು, ಅವನ ಮೈ ಚರ್ಮದ ಬಗ್ಗೆ ಯಾರೂ ಯೋಚಿಸಲಿಲ್ಲ. ಇವತ್ತು ಸೀಟಿಗೆ ಕವರ್, ಕಂಡೀಷನರ್, ಶೇಡ್ ಎಲ್ಲ ಇದೆ. ಡ್ರೈವರಿಗೆ ಒಂದು ತುಂಬುತೋಳಿನ ಹತ್ತಿ ಅಂಗಿ, ಕಾಯುವ ಹೊತ್ತಲ್ಲಿ ಗಾಡಿ ನಿಲ್ಲಿಸೋಕೆ ಒಂದು ಮರದ ನೆರಳು, ಇಷ್ಟಾದರೂ ಇದೆಯಾ?

ನಿಮ್ಮ ಮನೆಯಲ್ಲಿ ಬಸ್ಸು, ಲಾರಿ, ಆಟೊ, ಕ್ಯಾಬ್ ಓಡಿಸುವವರು ಇದ್ದರೆ ಈ ಕೊನೇ ಭಾಗವನ್ನ ಅವರಿಗೆ ಓದಿ ಹೇಳಿ. ಬಿಸಿಲಿನಿಂದ ಪಾರಾಗೋಕೆ ಅವರು ಏನು ಉಪಾಯ ಮಾಡ್ತಾರೆ ಕೇಳಿ, ಕಾಮೆಂಟಿನಲ್ಲಿ ಬರೀರಿ. ಯಾವ ಪುಸ್ತಕದಲ್ಲೂ ಇಲ್ಲದ ಇತಿಹಾಸ ಅದು.

#ದಿನಬಳಕೆಯಇತಿಹಾಸ #ಕನ್ನಡದಲ್ಲಿಇತಿಹಾಸ #ಬಿಸಿಲು #ಕಾರು