ಹೊಗೆ ಬಂತೇನೋ?

ಜುಲೈಯಲ್ಲಿ ಚಳಿ ಅಂದ್ರೆ ಊರಲ್ಲಿ ಯಾರೂ ನಂಬೋಲ್ಲ. ನಾವಿರುವ ನ್ಯೂಜಿಲೆಂಡಿನ ಸೆಂಟ್ರಲ್ ಒಟಾಗೋದಲ್ಲಿ ಮಾತ್ರ ಜುಲೈ ಅಂದ್ರೆ ಅಂಗಳದ ನಲ್ಲಿಯೇ ಹೆಪ್ಪುಗಟ್ಟುವ ಕಾಲ. ಇಲ್ಲೇ ರಾನ್‌ಫರ್ಲಿಯಲ್ಲಿ 1903ರ ಜುಲೈಯಲ್ಲಿ ಮೈನಸ್ 25.6 ಡಿಗ್ರಿ ದಾಖಲಾಗಿತ್ತು. ಈ ದೇಶದ ದಾಖಲೆ ಇವತ್ತಿಗೂ ಅದೇ.

ನಾನು ಹೇಳ ಹೊರಟಿರುವ ದಿನ ಅಷ್ಟೇನೂ ಇರಲಿಲ್ಲ, ಮೈನಸ್ ಎಂಟು. ಮನೆಯಲ್ಲಿ ಸೌದೆ ಖಾಲಿ, ಮಗಳಿಗೆ ಕೆಮ್ಮು. ಸೌದೆ ತರೋಣ ಅಂತ ಹಳೇ ಡೀಸೆಲ್ ಟ್ರಕ್ಕಿನ ಕೀಲಿ ತಿರುಗಿಸಿದೆ. ಸ್ಟಾರ್ಟ್ ಆಯ್ತು, ಎರಡು ನಿಮಿಷ ಓಡಿ ನಿಂತೇಬಿಡ್ತು. ಆಮೇಲೆ ಎಷ್ಟು ತಿರುಗಿಸಿದರೂ ಊಹ್ಞೂಂ. ಬ್ಯಾಟರಿ ಜೋರಾಗಿಯೇ ಇತ್ತು. ಮಂಜು ಕವಿದ ದಿನ, ಮಧ್ಯಾಹ್ನವಾದರೂ ಸೊನ್ನೆ ದಾಟಲಿಲ್ಲ. ಆಗ ಊರಲ್ಲಿ ಬೆಳಗಿನ ಐದೂವರೆ, ಅಪ್ಪ ಎದ್ದಿರ್ತಾರೆ ಅಂತ ಫೋನ್ ಹಚ್ಚಿದೆ.

"ಸೈಲೆನ್ಸರಿನಲ್ಲಿ ಹೊಗೆ ಬಂತೇನೋ?" ಇದು ಅವರ ಮೊದಲ ಪ್ರಶ್ನೆ.

ಅಪ್ಪನ ವಿದ್ಯೆಯೆಲ್ಲ ತೋಟದ ಪಂಪ್‌ಸೆಟ್ಟಿನದ್ದು. ಲಿವರ್ ಎತ್ತಿ ಗಾಳಿಯ ಒತ್ತಡ ಬಿಡೋದು, ಹ್ಯಾಂಡಲ್ ಹೊಡೆದು ಚಕ್ರಕ್ಕೆ ವೇಗ ಬಂದಮೇಲೆ ಲಿವರ್ ಬಿಡೋದು, ಡಬ್ ಡಬ್ ಅಂತ ಶುರು. ಡೀಸೆಲ್ ಇಂಜಿನ್ನಿಗೆ ಕಿಡಿ ಇಲ್ಲವಲ್ಲ! ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೇ ಎಣ್ಣೆ ಹೊತ್ತಿಕೊಳ್ಳಬೇಕು. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲ್ ಮಾಡಿ ತೋರಿಸಿದ್ದು ಇದನ್ನೇ. ಲೋಹ ತಣ್ಣಗಿದ್ದರೆ ಆ ಬಿಸಿಯನ್ನು ಅದೇ ನುಂಗಿಬಿಡುತ್ತೆ. ಅವನಿಗೂ ಮೊದಲು, 1890ರಲ್ಲಿ ಪೇಟೆಂಟ್ ಪಡೆದ ಇಂಗ್ಲೆಂಡಿನ ಅಕ್ರಾಯ್ಡ್ ಸ್ಟುವರ್ಟನ ಎಣ್ಣೆ ಇಂಜಿನ್ನಿಗೆ ಹೊರಗಿನಿಂದ ಬ್ಲೋಲ್ಯಾಂಪ್ ಹಿಡಿದು ಕಾಯಿಸಬೇಕಿತ್ತು. ಆ ದೀಪದ ಕೆಲಸವನ್ನು ಈಗ ಗ್ಲೋ ಪ್ಲಗ್ ಮಾಡುತ್ತೆ. ಅದು ಸತ್ತರೆ ಎಣ್ಣೆ ಒಳಗೆ ಹೋಗುತ್ತೆ, ಸುಡೋಲ್ಲ, ಬಿಳಿ ಹೊಗೆಯಾಗಿ ಹೊರಬರುತ್ತೆ.

ನನ್ನ ಟ್ರಕ್ಕಿನಲ್ಲಿ ಹೊಗೆಯೇ ಇರಲಿಲ್ಲ. "ಹಾಗಾದ್ರೆ ಎಣ್ಣೆ ಬರ್ತಿಲ್ಲ, ಫಿಲ್ಟರ್ ನೋಡು" ಅಂದ್ರು ಅಪ್ಪ. ಮೈನಸ್ ಎಂಟನ್ನು ಕಂಡೇ ಇರದ ಮನುಷ್ಯ!

ಬಿಚ್ಚಿದರೆ ಫಿಲ್ಟರ್ ತುಂಬ ಬೆಳ್ಳಗಿನ ಲೋಳೆ. ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗೋದನ್ನ ನೋಡಿದ್ದೀರಲ್ಲ, ಅದೇ ಕಥೆ. ಡೀಸೆಲ್‌ನಲ್ಲಿ ಮೇಣದ ಅಂಶ ಇರುತ್ತೆ. ತಮಾಷೆ ಅಂದ್ರೆ, ಚೆನ್ನಾಗಿ ಹೊತ್ತಿಕೊಳ್ಳೋದೂ ಅದೇ, ಚಳಿಗೆ ಮೊದಲು ಹರಳುಗಟ್ಟೋದೂ ಅದೇ. ಅದಕ್ಕೇ ಇಲ್ಲಿ ಬೇಸಿಗೆಗೊಂದು, ಚಳಿಗಾಲಕ್ಕೊಂದು ಡೀಸೆಲ್, ಬೆಟ್ಟದ ಊರುಗಳಿಗೆ ಆಲ್ಪೈನ್ ಡೀಸೆಲ್ ಅಂತ ಇನ್ನೊಂದು. 1964ರಲ್ಲಿ ಶುರುವಾದ ಮಾರ್ಸ್‌ಡೆನ್ ಪಾಯಿಂಟ್ ರಿಫೈನರಿ 2022ರಲ್ಲಿ ಎಣ್ಣೆ ಶುದ್ಧೀಕರಿಸೋದನ್ನು ನಿಲ್ಲಿಸಿತು. ಅಲ್ಲಿಂದೀಚೆಗೆ ಈ ದೇಶದ ಚಳಿಗೆ ಹೊಂದುವ ಡೀಸೆಲ್ಲೂ ಹೊರದೇಶದಿಂದ ತಯಾರಾಗಿಯೇ ಹಡಗಿನಲ್ಲಿ ಬರಬೇಕು. ನಾನೋ, ಫೆಬ್ರವರಿಯಲ್ಲಿ ಟ್ಯಾಂಕ್ ತುಂಬಿಸಿ ಮರೆತಿದ್ದೆ. ತಪ್ಪು ಟ್ರಕ್ಕಿನದಲ್ಲ.

ಇದೇ ದೇಶದ ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ಫರ್ಗುಸನ್ ಟ್ರ್ಯಾಕ್ಟರುಗಳಲ್ಲಿ ದಕ್ಷಿಣ ಧ್ರುವ ಮುಟ್ಟಿದ್ದು ಪೆಟ್ರೋಲ್ ಸುಟ್ಟುಕೊಂಡು. ಮೇಣದ ಕಾಟವೇ ಇಲ್ಲ!

ನಮ್ಮ ಹಿಮಾಲಯದ ಲಾರಿ ಡ್ರೈವರುಗಳು ಟ್ಯಾಂಕಿನ ಕೆಳಗೆ ಬೆಂಕಿ ಹಾಕ್ತಾರೆ. ನನಗೆ ಅಷ್ಟು ಧೈರ್ಯ ಸಾಲದು. ಸೌದೆ ಬೇರೆ ಇರಲಿಲ್ಲ! ಪಕ್ಕದ ಮನೆಯ ರೈತ ತನ್ನ ಟ್ರ್ಯಾಕ್ಟರಿನಲ್ಲಿ ಟ್ರಕ್ಕನ್ನು ಎಳೆದು ಬೆಚ್ಚಗಿನ ಶೆಡ್ಡಿಗೆ ಹಾಕಿದ. ಗಟ್ಟಿಯಾದಮೇಲೆ ಯಾವ ಔಷಧಿ ಸುರಿದರೂ ಮೇಣ ಸುಲಭಕ್ಕೆ ಕರಗೋಲ್ಲ, ಬೆಚ್ಚಗಾಗಲೇಬೇಕು ಅಂದ. ಹೊಸ ಫಿಲ್ಟರ್ ಹಾಕಿ, ಟ್ಯಾಂಕಿನಿಂದ ಅರ್ಧ ತೆಗೆದು, ಆಲ್ಪೈನ್ ಡೀಸೆಲ್ ಬೆರೆಸಿ, ರಾತ್ರಿ ಎಂಟಕ್ಕೆ ಕೀಲಿ ತಿರುಗಿಸಿದೆ. ಒಂದು ಕ್ಷಣ ಬಿಳಿ ಹೊಗೆ, ಆಮೇಲೆ ಗಡಗಡ.

ಸೌದೆಯನ್ನೂ ಆ ರಾತ್ರಿ ಅವನೇ ಕೊಟ್ಟ. ಅಪ್ಪನಿಗೆ ಫೋನ್ ಮಾಡಿ ಹೊಗೆ ಬಂತು ಅಂದೆ. "ಮಗು ಕೆಮ್ಮು ಹೇಗಿದೆ?" ಅಂದ್ರು.