ಚೆನ್ನಾಗಿದ್ದವರ ಗುಳಿಗೆ ನಿಲ್ಲಿಸಿದ ಕತೆ

ಲಿಥಿಯಂ ಅಂದ ಕೂಡಲೇ ನಮ್ಮಂಥ ಸಾಫ್ಟ್‌ವೇರಿನವರಿಗೆ ನೆನಪಾಗೋದು ಲ್ಯಾಪ್‌ಟಾಪಿನ ಬ್ಯಾಟರಿ. ಅದೇ ಲಿಥಿಯಂನ ಲವಣ ಬೈಪೋಲಾರ್ ಕಾಯಿಲೆಗೆ, ಅಂದರೆ ಮನಸ್ಸು ಒಮ್ಮೆ ಉನ್ಮಾದಕ್ಕೆ ಏರಿ ಇನ್ನೊಮ್ಮೆ ಖಿನ್ನತೆಗೆ ಕುಸಿಯುವ ಕಾಯಿಲೆಗೆ, ಇವತ್ತಿಗೂ ಮುಖ್ಯ ಔಷಧಿ. ಈಚೆಗೆ ಇದರ ಇತಿಹಾಸ ಓದುತ್ತಾ ಕೂತಿದ್ದೆ. ಔಷಧಿ ಸಿಕ್ಕಿದ ಕತೆಗಿಂತ ಅದನ್ನು ಸಾಬೀತು ಮಾಡಿದ ಕತೆಯೇ ನನ್ನನ್ನು ಹೆಚ್ಚು ಕಾಡಿತು.

ಸಿಕ್ಕಿದ್ದು ಹೀಗೆ. ಜಾನ್ ಕೇಡ್ ಅಂತ ಆಸ್ಟ್ರೇಲಿಯಾದ ಮನೋವೈದ್ಯ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಕೈಗೆ ಸಿಕ್ಕಿ, ಸಿಂಗಪುರದ ಚಾಂಗಿಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಸೆರೆಯಲ್ಲಿದ್ದು ಬಂದವನು. ಮೆಲ್ಬರ್ನಿನ ಬುಂಡೂರಾದ ಆಸ್ಪತ್ರೆಯಲ್ಲಿ ಗಿನಿ ಹಂದಿಗಳಿಗೆ ಲಿಥಿಯಂ ಚುಚ್ಚಿದ, ಅವು ಸುಮ್ಮನೆ ಮಲಗಿದವು. ಆಮೇಲೆ ತಾನೇ ತಗೊಂಡು ನೋಡಿದ. 1948ರಲ್ಲಿ, ಐದು ವರ್ಷದಿಂದ ಉನ್ಮಾದದಲ್ಲೇ ಇದ್ದ 51 ವರ್ಷದ ಒಬ್ಬ ರೋಗಿಗೆ ಕೊಟ್ಟ. ಕೆಲವೇ ತಿಂಗಳಲ್ಲಿ ಆತ ಮನೆಗೆ ಹೋಗಿ ಹಳೇ ಕೆಲಸಕ್ಕೆ ಸೇರಿಕೊಂಡ! 1949ರಲ್ಲಿ ಕೇಡ್ 10 ಉನ್ಮಾದ ರೋಗಿಗಳ ವರದಿ ಪ್ರಕಟಿಸಿದ.

ಆದರೆ ಆ ಮೊದಲ ರೋಗಿ 1950ರಲ್ಲಿ ಲಿಥಿಯಂ ವಿಷವೇರಿಯೇ ಸತ್ತ. ಗುಣ ಮಾಡುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ಅಂತರ ಅಷ್ಟು ಕಡಿಮೆ. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ಅಳೆದು ಅಳೆದು ಕೊಡುವುದು ರೂಢಿಯಾದ ಮೇಲೇ ಇದು ನಂಬುವಂಥ ಔಷಧಿಯಾಯಿತು.

ಇನ್ನು ಡೆನ್ಮಾರ್ಕಿಗೆ ಬರೋಣ. ಅಲ್ಲಿ ಮೊಗೆನ್ಸ್ ಸ್ಕೌ ಮತ್ತು ಸಂಗಡಿಗರು 1954ರಲ್ಲಿ ಉನ್ಮಾದ ರೋಗಿಗಳ ಮೇಲೆ ಪರೀಕ್ಷೆ ನಡೆಸಿದರು. ಕೆಲವರಿಗೆ ಲಿಥಿಯಮ್ಮೋ ಹುಸಿ ಗುಳಿಗೆಯೋ ಅನ್ನೋದು ನಾಣ್ಯ ಚಿಮ್ಮಿ ತೀರ್ಮಾನ! ಮುಂದೆ 1967ರಲ್ಲಿ ಸ್ಕೌ ಮತ್ತು ಬಾಸ್ಟ್ರುಪ್ ಇನ್ನೂ ದೊಡ್ಡ ಮಾತು ಹೇಳಿದರು: ಲಿಥಿಯಂ ತಗೋತಾ ಇದ್ದರೆ ಕಾಯಿಲೆ ಮರುಕಳಿಸುವುದೇ ಕಡಿಮೆಯಾಗುತ್ತೆ ಅಂತ.

ಲಂಡನ್ನಿನಿಂದ ಬ್ಲ್ಯಾಕ್‌ವೆಲ್ ಮತ್ತು ಷೆಪರ್ಡ್ ತಿರುಗಿಬಿದ್ದರು. 1968ರ ಲ್ಯಾನ್ಸೆಟ್ ಲೇಖನದಲ್ಲಿ, ಇದೂ ಇನ್ನೊಂದು ಮಿಥ್ಯೆಯಲ್ಲವೇ ಅಂತ ನೇರವಾಗಿಯೇ ಕೇಳಿದರು. ತಾನಾಗೇ ಬಂದು ಹೋಗುವ ಕಾಯಿಲೆ ಇದು. ಹೋಲಿಸೋಕೆ ಔಷಧಿ ತಗೊಳ್ಳದ ಗುಂಪೇ ಇಲ್ಲ. ಪದೇ ಪದೇ ಮರುಕಳಿಸಿದವರನ್ನೇ ಆರಿಸಿಕೊಂಡರೆ ಮುಂದಿನ ವರ್ಷಗಳು ಹೇಗೂ ಸುಧಾರಿಸಿದಂತೆ ಕಾಣುತ್ತವೆ. ನಿಜ ಹೇಳ್ತೀನಿ, ಇದನ್ನು ಓದುವಾಗ ನಾನು ಷೆಪರ್ಡ್ ಕಡೆಗಿದ್ದೆ. ನಾವೂ ಒಂದು ಸಾಲು ಕೋಡ್ ಬದಲಿಸಿ, ಸಂಜೆ ಸರ್ವರ್ ತಾನಾಗೇ ಸರಿಹೋದರೆ ಹೆಗ್ಗಳಿಕೆ ನಮ್ಮದೇ ಅಂತೀವಲ್ಲ :-)

ಆದರೆ ಸ್ಕೌಗೆ ಇದು ಬರೀ ವಾದವಾಗಿರಲಿಲ್ಲ. ಅವನ ತಮ್ಮನಿಗೇ ಮತ್ತೆ ಮತ್ತೆ ಖಿನ್ನತೆ ಬರುತ್ತಿತ್ತು, ಲಿಥಿಯಂನಿಂದ ಅದು ನಿಂತಿತ್ತು. ಕಣ್ಣಾರೆ ಕಂಡವನು. ಇನ್ನೊಬ್ಬರಿಗೆ ಹುಸಿ ಗುಳಿಗೆ ಕೊಡೋದು ಹೇಗೆ?

ಕೊನೆಗೆ ಕೊಟ್ಟೇಬಿಟ್ಟರು. ಲಿಥಿಯಂ ತಗೊಂಡು ವರ್ಷಕ್ಕೂ ಮೇಲೆ ಚೆನ್ನಾಗಿದ್ದ 84 ಮಹಿಳೆಯರು. 45 ಮಂದಿಗೆ ಅದೇ ಗುಳಿಗೆ ಮುಂದುವರಿಯಿತು, ಉಳಿದ 39 ಮಂದಿಗೆ ಹಾಗೇ ಕಾಣುವ, ಒಳಗೆ ಏನೂ ಇಲ್ಲದ ಗುಳಿಗೆ. ಫಲಿತಾಂಶ 1970ರಲ್ಲಿ ಲ್ಯಾನ್ಸೆಟ್‌ನಲ್ಲೇ ಬಂತು. ಐದು ತಿಂಗಳಲ್ಲಿ ಲಿಥಿಯಂ ಗುಂಪಿನಲ್ಲಿ ಒಬ್ಬರಿಗೂ ಕಾಯಿಲೆ ಮರುಕಳಿಸಲಿಲ್ಲ. ಇನ್ನೊಂದು ಗುಂಪಿನಲ್ಲಿ 21 ಜನಕ್ಕೆ ಮರುಕಳಿಸಿತ್ತು.

ಅದೇ ವರ್ಷ ಅಮೆರಿಕಾದಲ್ಲೂ ಉನ್ಮಾದಕ್ಕೆ ಲಿಥಿಯಂ ಬಳಸಲು ಅನುಮತಿ ಸಿಕ್ಕಿತು. ನನಗೆ ಮಾತ್ರ ಆ 21 ಜನರದ್ದೇ ಯೋಚನೆ. ಷೆಪರ್ಡ್ ಕೇಳಿದ್ದು ಸರಿಯೇ. ಆದರೆ ಉತ್ತರದ ಬೆಲೆ ತೆತ್ತವರು ಅವರು. ಸ್ಕೌ ಜಾಗದಲ್ಲಿ ನೀವಿದ್ದಿದ್ದರೆ ಗುಳಿಗೆ ನಿಲ್ಲಿಸ್ತಿದ್ರಾ?